ಸವೆದ ಬುಷ್, ಮುಳುಗಿದ ಫ್ಲೋಟ್

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಗಡಿ ತಾಲೂಕು ಜತ್ತದಿಂದ ಉಮದಿಗೆ ಹೋಗುವ ದಾರಿಯಲ್ಲಿ ನನ್ನ ಹುಡುಗತನದಲ್ಲಿ ಒಂದು ಗ್ಯಾರೇಜಿತ್ತು. ತಗಡಿನ ಮಾಡು, ಪಕ್ಕದಲ್ಲೊಂದು ಬೇವಿನ ಮರ, ನೆಲಕ್ಕೆ ಹಾಸಿದ ಮರಾಠಿ ಪೇಪರು, ಅದರ ಮೇಲೆ ಬಿಚ್ಚಿ ಸಾಲಾಗಿಟ್ಟ ಕಾರ್ಬೊರೇಟರು. ಓದುವ ಪೇಪರು ಮರಾಠಿ, ಬೈಯುವ ಮಾತು ಕನ್ನಡ. ನಮ್ಮ ತಾಲೂಕಿನ ಪದ್ಧತಿಯೇ ಹಾಗೆ. ಬರುತ್ತಿದ್ದ ಗಾಡಿಗಳು ಮೈಸೂರಿನ ಯೆಜ್ಡಿ, ರಾಜದೂತ್, ಲೂನಾ. ಮಳೆ ಅಪರೂಪವಾದ ಸೀಮೆಯ ಮಣ್ಣು ಹಿಟ್ಟಿನಂತೆ ಹಾರಿ, ಏರ್ ಫಿಲ್ಟರ್ ದಾಟಿ ಒಳಗೆ ಕೂತಿರುತ್ತಿತ್ತು. ಮೇಸ್ತ್ರಿ ಕಾಕಾ ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್ಟನ್ನು ಬಾಯಿಗಿಟ್ಟು ಊದಿ, ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ತೂತು ಕಾಣದಿದ್ದರೆ ಕ್ಲಚ್ ಕೇಬಲಿನ ಒಂದು ಎಳೆ ಬಿಚ್ಚಿ ಚುಚ್ಚುತ್ತಿದ್ದರು. "ತಮ್ಮಾ, ಪೆಟ್ರೋಲ್ ಹೊಂಟೈತಿ, ಗಾಳೀನೂ ಹೊಂಟೈತಿ, ಎರಡೂ ಕೂಡಿ ಹೊಂಟಿಲ್ಲ ನೋಡು" ಅಂತ ಒಮ್ಮೆ ಹೇಳಿದ್ದರು. ಕಾರ್ಬೊರೇಟರಿನ ಬಗ್ಗೆ ಆಮೇಲೆ ಓದಿದ ಪುಸ್ತಕಗಳಲ್ಲಿ ಅದಕ್ಕಿಂತ ಚೊಕ್ಕ ವಿವರಣೆ ನನಗೆ ಸಿಕ್ಕಿಲ್ಲ.

ವರ್ಷಗಳ ನಂತರ ಒಂದು ಹ್ಯಾಂಗರಿನಲ್ಲಿ ಸೆಸ್ನಾ 152 ವಿಮಾನದ ಎಂಜಿನ್ ಮುಚ್ಚಳ (ಕೌಲಿಂಗ್) ಬಿಚ್ಚಿ ಕೆಳಗೆ ಬಗ್ಗಿ ನೋಡಿದಾಗ ಹಳೆಯ ಪರಿಚಯದವರು ಸಿಕ್ಕಂತಾಯಿತು. ಅದೇ ಬೌಲು, ಅದೇ ಫ್ಲೋಟು, ಅದೇ ನೀಡಲು. ಗಾತ್ರ ದೊಡ್ಡದು, ಲೋಹ ದಪ್ಪ, ಅಷ್ಟೇ. ಕೈ ತಾನಾಗಿ ತಂತಿ ಹುಡುಕಿತು. ಪಕ್ಕದಲ್ಲಿದ್ದ ಹಿರಿಯರು ಮಣಿಕಟ್ಟು ಹಿಡಿದು, "ಜೆಟ್ಟಿಗೆ ತಂತಿ ಹಾಕಿದವನಿಗೆ ಇಲ್ಲಿ ಕೆಲಸ ಇಲ್ಲ" ಎಂದರು. ಹಿತ್ತಾಳೆ ಮೆತ್ತಗಿನ ಲೋಹ. ಉಕ್ಕಿನ ತಂತಿ ತೂತನ್ನು ಕೂದಲೆಳೆಯಷ್ಟು ಹಿಗ್ಗಿಸಿದರೂ ಒಳಹೋಗುವ ಇಂಧನದ ಲೆಕ್ಕವೇ ಬದಲಾಗುತ್ತದೆ. ಮೋಟರ್‌ಸೈಕಲ್ ಆದರೆ ಮೈಲೇಜು ನಾಲ್ಕಾರು ಕಿಲೋಮೀಟರು ಇಳಿದೀತು, ಸವಾರ ಬೈದುಕೊಂಡು ಓಡಿಸುತ್ತಾನೆ. ಮೇಲೆ ಹಾರುವವನಿಗೆ ರಸ್ತೆ ಪಕ್ಕಕ್ಕೆ ನಿಲ್ಲಿಸುವ ಅನುಕೂಲ ಇಲ್ಲ. ಗ್ಯಾರೇಜಿನ ಕೈ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಅಂದು ಹುಟ್ಟಿದ್ದು ಇನ್ನೂ ನನ್ನ ಜೊತೆಗಿದೆ.

ಜತ್ತಕ್ಕೂ ವಿಮಾನಕ್ಕೂ ಏನು ಸಂಬಂಧ ಎಂದು ಕೇಳಬಹುದು. ತಾಲೂಕಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೆ ನಕಾಶೆ ಬಿಡಿಸಿ ನೋಡಿದರೆ ದಕ್ಷಿಣಕ್ಕೆ ಬೆಳಗಾವಿಯ ಸಾಂಬ್ರಾ, ಪೂರ್ವಕ್ಕೆ ಕಲಬುರಗಿ, ವಾಯವ್ಯಕ್ಕೆ ಬಾರಾಮತಿ, ಮೂರೂ ಕಡೆ ಪೈಲಟ್ ತರಬೇತಿ ನಡೆಯುವ ಜಾಗಗಳೇ. ನೇರ ಗೆರೆ ಎಳೆದರೆ ಒಂದೊಂದೂ ಇನ್ನೂರು ಕಿಲೋಮೀಟರಿನೊಳಗೆ. 2021ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರ ಹೊಸ ತರಬೇತಿ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಬರಗಾಲದಲ್ಲಿ ನಮ್ಮೂರಿನವರು ತಲೆಯೆತ್ತಿ ನೋಡಿದ ವಿಮಾನ ಮಾತ್ರ ಬೇರೆ ಜಾತಿಯದು. ಸೊಲ್ಲಾಪುರದಿಂದ ಮೋಡ ಬಿತ್ತನೆಯ ಪ್ರಯೋಗಕ್ಕೆ ಹಾರಿದ್ದು ಟರ್ಬೊಪ್ರಾಪ್ ಕಿಂಗ್ ಏರ್. ಅದಕ್ಕೆ ಕಾರ್ಬೊರೇಟರೇ ಇಲ್ಲ.

ಹಗುರ ವಿಮಾನದ ಚರಿತ್ರೆಯಲ್ಲೂ ಗಡಿನಾಡಿನ ಒಂದು ಹೆಸರಿದೆ. ಕೊಲ್ಲಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ 1908ರಲ್ಲಿ ಹುಟ್ಟಿದ ವಿ. ಎಂ. ಘಾಟಗೆ ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಪ್ರಾಂಟಲ್ ಅವರ ಕೈಕೆಳಗೆ ಓದಿ, ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಎಚ್‌ಟಿ-2 ತರಬೇತಿ ವಿಮಾನ ರೂಪಿಸಿದರು. ಅದು ಮೊದಲು ಹಾರಿದ್ದು 1951ರ ಆಗಸ್ಟಿನಲ್ಲಿ. ಅದರ ಬೆನ್ನಿಗೆ 1958ರಲ್ಲಿ 90 ಕುದುರೆ ಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿನ ಪುಷ್ಪಕ್ ಬಂತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರು ಅದರಲ್ಲೇ ಕಲಿಯಿತು. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾದದ್ದು 1949ರಲ್ಲಿ. ಇವೆಲ್ಲ ಪಿಸ್ಟನ್ನಿನ, ಕಾರ್ಬೊರೇಟರಿನ ದಿನಗಳು. ಆಮೇಲೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ತರಬೇತಿ ವಿಮಾನ ಹಂಸ 1993ರ ನವೆಂಬರಿನಲ್ಲಿ ಹಾರಿತು. ಹಂಸ-3 ಮಾದರಿಗೆ ಕೂತದ್ದು ಆಸ್ಟ್ರಿಯದ ರೋಟಾಕ್ಸ್ 914, ಎರಡು ಕಾರ್ಬೊರೇಟರುಗಳ ಟರ್ಬೊ ಎಂಜಿನ್ನು.

ಕಾರ್ಬೊರೇಟರು ಕೆಲಸ ಮಾಡುವ ರೀತಿ ಸರಳ. ಗಾಳಿ ವೆಂಚುರಿ ಎಂಬ ಇಕ್ಕಟ್ಟಾದ ಗಂಟಲಿನಲ್ಲಿ ಹಾಯುವಾಗ ವೇಗ ಏರಿ ಒತ್ತಡ ಇಳಿಯುತ್ತದೆ. ಆ ಒತ್ತಡದ ಕೊರತೆ ಬೌಲಿನಲ್ಲಿರುವ ಪೆಟ್ರೋಲನ್ನು ನಳಿಗೆಯಿಂದ ಎಳೆಯುತ್ತದೆ. ಬೌಲಿನ ಮಟ್ಟವನ್ನು ಫ್ಲೋಟು ಕಾಯುತ್ತದೆ, ಹಳ್ಳಿಯ ನೀರಿನ ಟಾಕಿಯಲ್ಲಿ ತೇಲುವ ಗುಂಡಿನ ಹಾಗೆ. ಬೈಕಿನದು ಅಡ್ಡಕ್ಕೆ ಕೂರುತ್ತದೆ. ಸೆಸ್ನಾ 152ರ ಲೈಕಮಿಂಗ್ ಒ-235ರಂಥ ಎಂಜಿನ್ನಿನದು ಎಂಜಿನ್ನಿನ ಹೊಟ್ಟೆಯ ಕೆಳಗೆ ತೂಗಿ, ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಇನ್ನೊಂದು ವ್ಯತ್ಯಾಸ ಮಿಕ್ಸ್‌ಚರ್ ಎಂಬ ಕೆಂಪು ಗುಂಡಿ. ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಪೈಲಟ್ಟೇ ಪೆಟ್ರೋಲನ್ನು ಕಡಿಮೆ ಮಾಡಬೇಕು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೆಲದ ಮೇಲಿರುವಾಗಲೇ ಈ ಲೆಕ್ಕ ಶುರುವಾಗುತ್ತದೆ.

ಸವೆತಕ್ಕೆ ಬರೋಣ. ಮೊದಲು ಸವೆಯುವುದು ಥ್ರಾಟಲ್ ಶಾಫ್ಟು ತಿರುಗುವ ಬುಷ್. ತರಬೇತಿ ವಿಮಾನ ಗಂಟೆಗೆ ಏಳೆಂಟು ಸಲ ಇಳಿದು ಏರುತ್ತದೆ, ಪ್ರತಿ ಸಲವೂ ಥ್ರಾಟಲ್ ಮುಂದೆ ಹಿಂದೆ; ಅದರ ಮೇಲೆ ಎಂಜಿನ್ನಿನ ನಡುಕ. ಬುಷ್ ಸವೆದರೆ ಶಾಫ್ಟು ಆಟ ಆಡತೊಡಗಿ ಆ ಸಂದಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಪೂರ್ತಿ ಥ್ರಾಟಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಥ್ರಾಟಲ್ ಮುಚ್ಚಿ ಇಳಿಯಲು ಬರುವಾಗ, ಅಂದರೆ ನೆಲ ಹತ್ತಿರವಿದ್ದು ಎಂಜಿನ್ನು ಮತ್ತೆ ಬೇಕಾಗಬಹುದಾದ ಹೊತ್ತಿನಲ್ಲಿ, ಮಿಶ್ರಣ ತೆಳುವಾಗಿ ಎಂಜಿನ್ನು ತೊದಲುತ್ತದೆ. ಹೊಸ ಹುಡುಗರು ಐಡಲ್ ಸ್ಕ್ರೂ ತಿರುಗಿಸಿ ಇದನ್ನು ಸರಿಮಾಡಿದೆವು ಅನ್ನುತ್ತಾರೆ. ಒಂದು ತಿಂಗಳು ಸರಿ ಇರುತ್ತದೆ, ಆಮೇಲೆ ಮತ್ತೆ ತಿರುಗಿಸುತ್ತಾರೆ. ಲಾಗ್‌ಬುಕ್ಕಿನಲ್ಲಿ ಐಡಲ್ ಹೊಂದಿಸಿದ ಸಾಲು ಮೂರನೇ ಸಲ ಕಂಡರೆ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಶಾಫ್ಟು ಅಲುಗಾಡಿಸಿ ನೋಡುತ್ತೇನೆ.

ಐಡಲ್ ಮಿಶ್ರಣ ನೋಡಲು ಒಂದು ಸೊಗಸಾದ ಪರೀಕ್ಷೆ ಇದೆ, ಯಾವ ಉಪಕರಣವೂ ಬೇಡ. ಎಂಜಿನ್ನು ಬಿಸಿಯಾಗಿ ನಿಧಾನ ತಿರುಗುತ್ತಿರುವಾಗ ಮಿಕ್ಸ್‌ಚರ್ ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆಳೆಯಿರಿ. ಆರಿಹೋಗುವ ಮುನ್ನ ಆರ್‌ಪಿಎಂ ಮುಳ್ಳು ಒಂದಿಷ್ಟು ಮೇಲೇರಿ ಆಮೇಲೆ ಬೀಳಬೇಕು. 25ರಿಂದ 50ರಷ್ಟು ಏರಿದರೆ ಆರೋಗ್ಯ. ಏರದೆ ನೇರ ಬಿದ್ದರೆ ಮಿಶ್ರಣ ತೆಳು, ಅದಕ್ಕಿಂತ ಹೆಚ್ಚು ಏರಿದರೆ ದಪ್ಪ. ಪ್ರತಿ ದಿನ ವಿಮಾನ ನಿಲ್ಲಿಸುವಾಗ ಪೈಲಟ್ಟು ಈ ಪರೀಕ್ಷೆಯನ್ನು ತನಗೆ ಗೊತ್ತಿಲ್ಲದೆಯೇ ಮಾಡುತ್ತಾನೆ. ಮುಳ್ಳಿನ ಕಡೆ ಕಣ್ಣಿಟ್ಟರೆ ಸಾಕು, ಯಾರೂ ಇಡುವುದಿಲ್ಲ.

ಎರಡನೆಯದು, ಫ್ಲೋಟು ಏರಿದಾಗ ಪೆಟ್ರೋಲಿನ ದಾರಿ ಮುಚ್ಚುವ ನೀಡಲು ಮತ್ತು ಅದರ ಸೀಟು. ಇಲ್ಲಿ ಗೀರು ಬಿದ್ದರೆ, ಕಸದ ಒಂದು ಕಣ ಕೂತರೆ ಪೆಟ್ರೋಲು ನಿಲ್ಲದೆ ಬೌಲು ತುಂಬಿ ಸುರಿಯುತ್ತದೆ. ಬೈಕಿನಲ್ಲಾದರೆ ಕಾಕಾ ಬೌಲಿಗೆ ಸ್ಪ್ಯಾನರಿನಿಂದ ಎರಡು ಏಟು ಹಾಕಿ, "ಕುಂತ್ತು" ಅನ್ನುತ್ತಿದ್ದರು. ವಿಮಾನದಲ್ಲಿ ಕಾರ್ಬೊರೇಟರು ಕೆಳಗಿರುವುದರಿಂದ ಸುರಿದ ಪೆಟ್ರೋಲು ಗಾಳಿ ಒಳಬರುವ ತಗಡಿನ ಡಬ್ಬಿಯಾದ ಏರ್‌ಬಾಕ್ಸಿನಲ್ಲಿ ನಿಲ್ಲುತ್ತದೆ, ಹತ್ತಿರದಲ್ಲೇ ಎಕ್ಸಾಸ್ಟ್ ಪೈಪು. ಸ್ಟಾರ್ಟ್ ಆಗದ ಎಂಜಿನ್ನಿಗೆ ಥ್ರಾಟಲನ್ನು ಸಿಟ್ಟಿನಿಂದ ಪಂಪು ಮಾಡುವುದೂ ಇದೇ ಅಪಾಯಕ್ಕೆ ದಾರಿ, ಏಕೆಂದರೆ ಆಕ್ಸಿಲರೇಟರ್ ಪಂಪು ಚಿಮ್ಮಿಸಿದ್ದನ್ನು ಮೇಲಕ್ಕೆಳೆಯುವ ಗಾಳಿ ಇನ್ನೂ ಹುಟ್ಟಿರುವುದಿಲ್ಲ. ಸೋರಿಕೆ ಪತ್ತೆಗೆ ವಿಮಾನದ ಪೆಟ್ರೋಲಾದ ಏವಿಗ್ಯಾಸ್ 100ಎಲ್‌ಎಲ್ ತಾನೇ ನೆರವಾಗುತ್ತದೆ. ಅದಕ್ಕೆ ನೀಲಿ ಬಣ್ಣ ಹಾಕಿರುತ್ತಾರೆ. ಒಣಗಿದ ಮೇಲೂ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ನೀಲಿ ಕಲೆ ಉಳಿಯುತ್ತದೆ. ವಿಮಾನ ತೊಳೆಯುವ ಹುಡುಗ ಉತ್ಸಾಹದಿಂದ ಆ ಕಲೆ ಒರೆಸಿಬಿಟ್ಟರೆ ಸಾಕ್ಷಿಯೂ ಹೋಯಿತು. ಮೊದಲು ನಾನು ನೋಡಬೇಕು, ಆಮೇಲೆ ನೀನು ತೊಳಿ ಎಂದು ಎಷ್ಟೋ ಸಲ ಹೇಳಿದ್ದೇನೆ.

ಫ್ಲೋಟಿನ ಕತೆ ಸ್ವಲ್ಪ ಉದ್ದ. ಮೊದಲು ಹಿತ್ತಾಳೆಯದಿತ್ತು, ಬೆಸುಗೆ ಬಿರಿದರೆ ಒಳಗೆ ಪೆಟ್ರೋಲು ಸೇರಿ ಭಾರವಾಗುತ್ತಿತ್ತು. ಅದನ್ನು ತಪ್ಪಿಸಲು ಪ್ಲಾಸ್ಟಿಕ್ ಬಗೆಯ ಫ್ಲೋಟುಗಳು ಬಂದವು. ಅವುಗಳಲ್ಲಿ ಕೆಲವು ನಿಧಾನವಾಗಿ ಪೆಟ್ರೋಲನ್ನು ಹೀರಿಕೊಂಡವು, ನೀರಲ್ಲಿ ನೆನೆಹಾಕಿದ ಕಡಲೆಯಂತೆ. ಭಾರವಾದ ಫ್ಲೋಟು ಕೆಳಗೆ ಕೂರುತ್ತದೆ, ಮಟ್ಟ ಏರುತ್ತದೆ, ಮಿಶ್ರಣ ದಪ್ಪವಾಗುತ್ತದೆ. ಹಂಸದ ಎಂಜಿನ್ನಿನ ಸೋದರ ಎಂಜಿನ್ನುಗಳಲ್ಲೂ ಬಿಂಗ್ ಕಾರ್ಬೊರೇಟರಿನ ಫ್ಲೋಟು ಇದೇ ತೊಂದರೆ ಕೊಟ್ಟಿದ್ದರಿಂದ ರೋಟಾಕ್ಸ್ ಸೇವಾ ಸೂಚನೆ ಹೊರಡಿಸಿತು. ಪರೀಕ್ಷೆ ತೂಕದ್ದು: ಒಂದು ಕಾರ್ಬೊರೇಟರಿನ ಎರಡೂ ಫ್ಲೋಟು ಸೇರಿ 7 ಗ್ರಾಂ ಮೀರಬಾರದು. ಏಳು ಗ್ರಾಂ ಅಂದರೆ ಅಕ್ಕಸಾಲಿಗನ ತಕ್ಕಡಿಯ ಲೆಕ್ಕ, ಜೋಡಿ ಓಲೆಯಷ್ಟು. ಬೌಲಿನಿಂದ ತೆಗೆದು ಒರೆಸಿ ಅಂಗೈಯಲ್ಲಿಟ್ಟುಕೊಂಡರೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಹಗುರ. ಇಲ್ಲಿ ಕೈಯನ್ನು ನಂಬಬಾರದು, ತಕ್ಕಡಿಯನ್ನು ನಂಬಬೇಕು. ಕಾಕಾನಂಥ ಪಳಗಿದ ಕೈಗೂ ಎಲ್ಲೆ ಇದೆ ಎಂದು ನನಗೆ ಮನವರಿಕೆಯಾದದ್ದು ಈ ಫ್ಲೋಟುಗಳಿಂದ.

ಅಮೆರಿಕದ ಮಾರ್ವೆಲ್-ಶೆಬ್ಲರ್ ಕಾರ್ಬೊರೇಟರುಗಳಿಗೆ ಇನ್ನೊಂದು ರಗಳೆ ಅಂಟಿತ್ತು. ಗಂಟಲಿನ ವೆಂಚುರಿ ಎರಡು ತುಂಡಿನದಿದ್ದರೆ ಒಳ ತುಂಡು ಸಡಿಲವಾಗಬಹುದು; ಸರಿದು ನಳಿಗೆಯ ಮುಂದೆ ವಾಲಿದರೆ ಮಿಶ್ರಣ ಕೆಟ್ಟು ಶಕ್ತಿ ಕುಸಿಯುತ್ತದೆ. ಅಮೆರಿಕದ ವಿಮಾನಯಾನ ಆಡಳಿತ 1998ರಲ್ಲಿ ಆದೇಶ ಕೊಟ್ಟು, ಒಂದೇ ತುಂಡಿನ ವೆಂಚುರಿ ಹಾಕಿ, ಇಲ್ಲವೇ ಮತ್ತೆ ಮತ್ತೆ ತಪಾಸಣೆ ಮಾಡಿ ಎಂದಿತು. ಹೊಸದು ಹಾಕಿದರೆ ಎಲ್ಲ ಎಂಜಿನ್ನೂ ನಯವಾಗಿ ಓಡಲಿಲ್ಲ ಎಂಬ ದೂರು ಬಂದು ನಳಿಗೆಯನ್ನೂ ಬದಲಿಸಬೇಕಾಯಿತು. ರೋಗಕ್ಕೆ ಮದ್ದು, ಮದ್ದಿಗೆ ಮತ್ತೊಂದು ಮದ್ದು.

ಇನ್ನು ಹವೆ. ಇದು ಸವೆತವಲ್ಲ, ಆದರೆ ಸವೆತದಷ್ಟೇ ಎಂಜಿನ್ನುಗಳನ್ನು ನಿಲ್ಲಿಸುತ್ತದೆ. ಗಂಟಲಿನಲ್ಲಿ ಪೆಟ್ರೋಲು ಆವಿಯಾಗುವಾಗ ಮತ್ತು ಗಾಳಿ ಹಿಗ್ಗುವಾಗ ಉಷ್ಣತೆ 20 ಡಿಗ್ರಿಗೂ ಹೆಚ್ಚು ಇಳಿಯಬಹುದು. ಹೊರಗೆ ಬೆಚ್ಚಗಿದ್ದರೂ ಒಳಗೆ ಹಿಮ ಕಟ್ಟುತ್ತದೆ. 21 ಡಿಗ್ರಿಗಿಂತ ಕೆಳಗಿನ ತಾಪಮಾನ, ಶೇಕಡಾ 80ಕ್ಕಿಂತ ಹೆಚ್ಚಿನ ತೇವ ಕೂಡಿದರೆ ಹೆಚ್ಚು ಸಾಧ್ಯ ಎನ್ನುತ್ತವೆ ಪಠ್ಯಗಳು. 38 ಡಿಗ್ರಿ ಸೆಕೆಯಲ್ಲೂ ತೇವ ಅರ್ಧದಷ್ಟಿದ್ದರೆ ಆಗಬಹುದು. ಓದಿದವರಿಗೆ ಇದು ಯುರೋಪಿನ ಚಳಿಯ ಮಾತೆನಿಸುತ್ತದೆ. ಜುಲೈ ತಿಂಗಳ ಬೆಳಗಾವಿಯ ಒಂದು ಮುಂಜಾನೆಯನ್ನು ನೆನೆಸಿಕೊಳ್ಳಿ: ಜಿಟಿಜಿಟಿ ಮಳೆ ಬಿಟ್ಟ ಮೇಲೆ ಮೋಡ ಮರದ ಮಟ್ಟಕ್ಕಿದೆ, ಸ್ವೆಟರು ಬೇಕೋ ಬೇಡವೋ ಎಂಬ ತಂಪು. ಪುಸ್ತಕದ ನಕ್ಷೆಯಲ್ಲಿ ಅತ್ಯಂತ ಅಪಾಯದ ಚೌಕ ಅದೇ. ಬೆಂಗಳೂರಿನ ಮುಂಗಾರು ಬೆಳಗೂ ಅಷ್ಟೇ. ಬೆಳಗಾವಿಯಿಂದ ಸುಮಾರು ಒಂದು ಗಂಟೆ ಹಾರಿ ಜತ್ತದ ಮೇಲೆ ಬಂದರೆ ಮೋಡ ಚದುರಿ, ಒಣ ಗಾಳಿ, ಕೆಳಗೆ ದಾಳಿಂಬೆ ತೋಟಗಳು ಚುಕ್ಕಿ ಇಟ್ಟಂತೆ. ಒಂದೇ ಹಾರಾಟದಲ್ಲಿ ಹಿಮದ ಸೀಮೆಯೂ ಧೂಳಿನ ಸೀಮೆಯೂ ಸಿಗುತ್ತವೆ.

ಹಿಮಕ್ಕೆ ಮದ್ದು ಕಾರ್ಬೊರೇಟರ್ ಹೀಟ್. ಗುಂಡಿ ಎಳೆದರೆ ಏರ್‌ಬಾಕ್ಸಿನ ಒಂದು ತಗಡಿನ ಬಾಗಿಲು ಮಗುಚಿ, ಎಕ್ಸಾಸ್ಟ್ ಸುತ್ತ ಬಿಸಿಯಾದ ಗಾಳಿ ಒಳಬರುತ್ತದೆ. ಬಿಸಿ ಗಾಳಿ ತೆಳುವಾದ್ದರಿಂದ ಆರ್‌ಪಿಎಂ ನೂರರ ಆಚೀಚೆ ಇಳಿಯಬೇಕು. ಇಳಿಯದಿದ್ದರೆ ಬಾಗಿಲು ಮಗುಚಿಲ್ಲ ಎಂದರ್ಥ: ಕೇಬಲು ಜಾರಿದೆ, ಇಲ್ಲವೇ ಬಾಗಿಲಿನ ಕೀಲು ಸವೆದಿದೆ. ನಾನು ನೋಡಿದ ಏರ್‌ಬಾಕ್ಸುಗಳಲ್ಲಿ ಹಾಳಾಗದ ಕೀಲು ಕಡಿಮೆ. ಕಾರ್ಬೊರೇಟರಿಗೆ ಕೊಡುವ ಗೌರವವನ್ನು ಜನ ಈ ತಗಡಿನ ಡಬ್ಬಿಗೆ ಕೊಡುವುದಿಲ್ಲ. ಇನ್ನೊಂದು ಸೂಕ್ಷ್ಮ ಇಲ್ಲಿದೆ. ಬಿಸಿ ಗಾಳಿ ಫಿಲ್ಟರು ದಾಟಿ ಬರುವುದಿಲ್ಲ. ಧೂಳಿನ ನೆಲದ ಮೇಲೆ ಗುಂಡಿ ಎಳೆದುಕೊಂಡೇ ಉರುಳಿದರೆ ಮಣ್ಣು ನೇರ ಗಂಟಲಿಗೆ, ಅಲ್ಲಿಂದ ಸಿಲಿಂಡರಿಗೆ. ಬೆಳಗಾವಿಯಲ್ಲಿ ಪ್ರಾಣ ಉಳಿಸಿದ ಗುಂಡಿಯೇ ನಮ್ಮ ಸೀಮೆಯಂಥ ನೆಲದಲ್ಲಿ ಎಂಜಿನ್ನನ್ನು ಮರಳು ಕಾಗದದಂತೆ ಉಜ್ಜುತ್ತದೆ. ಪರೀಕ್ಷೆ ಮಾಡಿ, ತಕ್ಷಣ ಒಳಗೆ ತಳ್ಳಬೇಕು.

ಇಂಧನದ ವಿಷಯ ಸಾಂಗ್ಲಿಯವರಿಗೆ ಬೇರೆ ಥರದಲ್ಲಿ ಹತ್ತಿರ. ಕೃಷ್ಣಾ ದಂಡೆಯ ಕಬ್ಬು ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ, ಕಾರ್ಖಾನೆಯಿಂದ ಇಥನಾಲು, ಇಥನಾಲನ್ನು ಶೇಕಡಾ ಇಪ್ಪತ್ತು ಬೆರೆಸಿದ ಇ20 ಪೆಟ್ರೋಲು. ರೈತನಿಗೆ ಒಳ್ಳೆಯದೇ. ಹಳೆಯ ವಿಮಾನದ ರಬ್ಬರು, ಸೀಲು, ಕೆಲವು ಬಗೆಯ ಫ್ಲೋಟಿಗೆ ಅದು ಆಗದು: ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ, ಗಾಳಿಯ ತೇವ ಹೀರಿ ಬೌಲಿನ ತಳದಲ್ಲಿ ನೀರು ಬಿಡುತ್ತದೆ. ರೋಟಾಕ್ಸ್ ಶೇಕಡಾ ಹತ್ತರಷ್ಟು ಇಥನಾಲಿಗೆ ಒಪ್ಪುತ್ತದೆ, ಇಪ್ಪತ್ತಕ್ಕೆ ಇಲ್ಲ. ಹಾಗಂತ ಏವಿಗ್ಯಾಸ್ ಹಾಕಿದರೆ ಅದರಲ್ಲಿ ಸೀಸ, ಲೀಟರಿಗೆ 0.56 ಗ್ರಾಂವರೆಗೆ, ರೋಟಾಕ್ಸಿನ ಎಣ್ಣೆಯನ್ನು 100 ಗಂಟೆಯ ಬದಲು 50 ಗಂಟೆಗೇ ಬದಲಿಸಬೇಕಾಗುತ್ತದೆ. ಏವಿಗ್ಯಾಸ್ ಬಹಳ ಕಾಲ ಹೊರದೇಶದಿಂದಲೇ ಬರುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ತನ್ನ ಗುಜರಾತಿನ ಸಂಸ್ಕರಣಾಗಾರದಲ್ಲಿ ತಯಾರಿಸಿದ ಏವಿಗ್ಯಾಸ್ ಬಿಡುಗಡೆ ಮಾಡಿತು.

ಓಡುವ ಎಂಜಿನ್ನಿಗಿಂತ ನಿಂತ ಎಂಜಿನ್ನು ಹೆಚ್ಚು ಕೆಡುತ್ತದೆ ಎಂಬುದು ಹ್ಯಾಂಗರಿನಲ್ಲಿ ಎಲ್ಲರಿಗೂ ಗೊತ್ತು, ಲೆಕ್ಕದ ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ. ಸೆಸ್ನಾ 152ರ ಎಂಜಿನ್ನಿಗೆ 2,400 ಗಂಟೆಯ ಆಯುಸ್ಸು ಹೇಳಿದ್ದಾರೆ. ಜೊತೆಗೇ 12 ವರ್ಷ ಎಂಬ ಇನ್ನೊಂದು ಗೆರೆಯನ್ನೂ ಎಳೆದಿದ್ದಾರೆ. ದಿನವೂ ಹಾರುವ ಶಾಲೆಯ ವಿಮಾನ ಗಂಟೆಯ ಗೆರೆಯನ್ನು ಮೊದಲು ಮುಟ್ಟುತ್ತದೆ. ಕ್ಲಬ್ಬಿನ ಮೂಲೆಯಲ್ಲಿ ಹೊದಿಕೆ ಹೊದ್ದು ಮಲಗಿದ್ದು ವರ್ಷದ ಗೆರೆಯನ್ನು. ಬೌಲಿನಲ್ಲಿ ಪೆಟ್ರೋಲು ಆರಿ ಅಂಟಿನಂತಾಗಿರುತ್ತದೆ, ಆಕ್ಸಿಲರೇಟರ್ ಪಂಪಿನ ಸೀಲು ಒಣಗಿ ಸುಕ್ಕುಗಟ್ಟಿರುತ್ತದೆ, ನೀಡಲು ಸೀಟಿಗೆ ಅಂಟಿಕೊಂಡಿರುತ್ತದೆ. ಹಾರಾಟದ ಗಂಟೆ ಕಡಿಮೆ ಎಂದು ಜಾಹೀರಾತಿನಲ್ಲಿ ಬರೆದ ಹಳೆಯ ವಿಮಾನವನ್ನು ಕಂಡರೆ ನನಗೆ ಅನುಮಾನವೇ ಮೊದಲು. ರೋಟಾಕ್ಸ್ ಈ ವಿಷಯದಲ್ಲಿ ಖಡಕ್ಕು: ರಬ್ಬರಿನ ಭಾಗಗಳನ್ನೆಲ್ಲ ಹಾರಿದ್ದರೂ ಹಾರದಿದ್ದರೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಕಾರ್ಬೊರೇಟರನ್ನು ಎಂಜಿನ್ನಿಗೆ ಹಿಡಿದಿಡುವ ರಬ್ಬರ್ ಸಾಕೆಟ್ಟು ಅದರಲ್ಲಿ ಮುಖ್ಯ. ಅದು ಬಿರಿದರೆ ಸವೆದ ಬುಷ್ಷಿನದೇ ರೋಗ ಇನ್ನೊಂದು ದಾರಿಯಲ್ಲಿ ಬರುತ್ತದೆ. ಎರಡು ಕಾರ್ಬೊರೇಟರುಗಳ ಹೊಂದಾಣಿಕೆ ತಪ್ಪಿದ್ದರೂ ಅಷ್ಟೇ. ಎಡದ ಸಿಲಿಂಡರು ಬಲದ ಜೊತೆ ಜಗಳವಾಡಿ ಎಂಜಿನ್ನು ನಡುಗುತ್ತದೆ, ಆ ನಡುಕವೇ ಉಳಿದೆಲ್ಲವನ್ನೂ ಸವೆಸುತ್ತದೆ.

ಇಷ್ಟಾದ ಮೇಲೆ ಕಾರ್ಬೊರೇಟರೇ ಬೇಡವೆಂದರೇನು? ಹಾಗೇ ಆಗುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾರಿದ ಹಂಸ-ಎನ್‌ಜಿಗೆ ಇಂಜೆಕ್ಷನ್ ಇರುವ ರೋಟಾಕ್ಸ್ 912 ಕೂರಿಸಿದ್ದಾರೆ. ವೆಂಚುರಿ ಇಲ್ಲದ ಮೇಲೆ ವೆಂಚುರಿಯ ಹಿಮವೂ ಇಲ್ಲ. ಇಂಜೆಕ್ಷನ್ ಎಂದರೆ ಚಿಂತೆಯಿಲ್ಲ ಎಂದು ಮಾರುವವರ ಮಾತು ಪೂರ್ತಿ ನಿಜವಲ್ಲ. ಸೆಸ್ನಾ 172ರ ಇಂಜೆಕ್ಷನ್ ಎಂಜಿನ್ನನ್ನು ಏಪ್ರಿಲ್ ಮಧ್ಯಾಹ್ನ ನಿಲ್ಲಿಸಿ ಹತ್ತು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಮಾಡಹೋದವರು, ಪೈಪಿನಲ್ಲಿ ಆವಿಯಾದ ಪೆಟ್ರೋಲಿನ ಜೊತೆ ಗುದ್ದಾಡಿ ಬೆವರಿದ್ದನ್ನು ನೋಡಿದ್ದೇನೆ. ಅದೇನೇ ಇರಲಿ, ಹಳೆಯ ಸೆಸ್ನಾಗಳು ಇನ್ನೂ ಬಹಳ ವರ್ಷ ಹಾರುತ್ತವೆ. ಅವುಗಳ ಕಾರ್ಬೊರೇಟರು ಬಿಚ್ಚುವ ಕೈಗಳದ್ದೇ ಪ್ರಶ್ನೆ.

2020ರ ಏಪ್ರಿಲಿನಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುತೇಕ ಇಂಜೆಕ್ಷನ್ನೇ. ಉಮದಿ ರಸ್ತೆಯ ಗ್ಯಾರೇಜನ್ನು ಈಗ ಕಾಕಾನ ಮಗ ನೋಡಿಕೊಳ್ಳುತ್ತಾನೆ. ಮೊಬೈಲಿಗೆ ಸ್ಕ್ಯಾನರ್ ಜೋಡಿಸಿ ಕೋಡು ಓದುತ್ತಾನೆ. ಮೊದಲೆಲ್ಲ ಬೈಕಿನ ಜೆಟ್ಟು ಊದುತ್ತ ಬೆಳೆದು ಹ್ಯಾಂಗರಿಗೆ ಬಂದವನಿಗೆ ಕಲಿಸುವುದಕ್ಕಿಂತ ಮರೆಸುವುದೇ ಹೆಚ್ಚಿತ್ತು: ತಂತಿ ಬಿಡು, ಕಿವಿಯಿಂದ ಟ್ಯೂನ್ ಮಾಡಬೇಡ, ಟಾರ್ಕ್ ರೆಂಚು ಹಿಡಿ, ಲಾಕ್ ವಾಷರನ್ನು ಎರಡನೇ ಸಲ ಬಳಸಬೇಡ, ಮಾಡಿದ್ದನ್ನು ಬರೆದು ಸಹಿ ಹಾಕು. ಆದರೂ ಅವನ ಬೆರಳಿಗೆ ಶಾಫ್ಟಿನ ಆಟ ಗೊತ್ತಿತ್ತು, ಮೂಗಿಗೆ ದಪ್ಪ ಮಿಶ್ರಣ ಗೊತ್ತಿತ್ತು. ಅಂಥ ಕೈಗಳು ಈಗ ಕಡಿಮೆ; ಲೈಸನ್ಸಿನಲ್ಲೂ ಪಿಸ್ಟನ್ ವಿಮಾನದ ಬಿ1.2 ಬೇರೆ, ಏರ್‌ಲೈನಿನ ಜೆಟ್ಟುಗಳ ಬಿ1.1 ಬೇರೆ, ಸಂಬಳ ಇರುವ ಕಡೆಗೆ ಹುಡುಗರು ಹೋಗುವುದು ಸಹಜ.

ಈಚೆಗೆ ನಮ್ಮ ಕಡೆಯ ಹುಡುಗನೊಬ್ಬ ಕೆಲಸ ಕಲಿಯಲು ಬಂದ. ಚುರುಕು, ಓದಿಕೊಂಡವನು. ಮಾರ್ವೆಲ್-ಶೆಬ್ಲರ್ ಒಂದನ್ನು ಬೆಂಚಿನ ಮೇಲೆ ಬಿಚ್ಚಿ ಪೇಪರಿನ ಮೇಲೆ ಸಾಲಾಗಿಟ್ಟೆ. ಅವನು ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿ, ಕೊನೆಗೆ ಕೇಳಿದ: "ಸರ್, ಇದರ ಸೆನ್ಸರ್ ಯಾವುದ್ರಿ?"

ನಾನು ಫ್ಲೋಟು ತೋರಿಸಿದೆ.